‘ಕಲಮಱುತ್ತರುಳಿ’: ಕಾಂದಳೂರ್ ಶಾಲೆಯ ಒಂದು ಕ್ರಿಯಾಪದದ ಅರ್ಥ ಮತ್ತು ವ್ಯಾಕರಣ

ತಿರುವನಂತಪುರದ ಚಾಲೈ ಇಂದು ದಿನಸಿ, ತರಕಾರಿ, ಬಟ್ಟೆಗಳ ದೊಡ್ಡ ಪೇಟೆ. ಅದಕ್ಕೆ ಹೊಂದಿಕೊಂಡಂತೆ ವಲಿಯಶಾಲೆ ಎಂಬ ಬಡಾವಣೆಯೂ ಅಲ್ಲಿ ಕಾಂದಳೂರ್ ಮಹಾದೇವ ದೇವಾಲಯವೂ ಇವೆ. ಚೋಳ ಶಾಸನಗಳ ‘ಕಾಂದಳೂರ್ ಶಾಲೆ’ ಇದೇ ಸ್ಥಳವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಒಂದನೆಯ ರಾಜರಾಜನ (೯೮೫-೧೦೧೪) ಮೆಯ್ಕೀರ್ತಿಯಲ್ಲಿ ಗಂಗಪಾಡಿ, ನುಳಂಬಪಾಡಿ, ತಡಿಗೈಪಾಡಿಗಳ ವಿಜಯಕ್ಕಿಂತ ಮೊದಲೇ ಈ ಹೆಸರು ಬರುತ್ತದೆ. ಆದ್ದರಿಂದ ಕರ್ನಾಟಕದ ಚರಿತ್ರೆಯನ್ನು ಅಭ್ಯಸಿಸುವವರಿಗೂ ಅದು ಅಪರಿಚಿತವಲ್ಲ. ಆದರೆ ಆ ಶಾಲೆಯಲ್ಲಿ ರಾಜರಾಜನು ಮಾಡಿದ್ದೇನು ಎಂಬುದು ‘ಕಲಮಱುತ್ತರುಳಿ’ ಎಂಬ ಒಂದು ಕ್ರಿಯಾಪದವನ್ನು ಅವಲಂಬಿಸಿದೆ. ಅದರ ಅರ್ಥನಿರ್ಣಯದ ಮೇಲೆ ಒಂದು ನೌಕಾಯುದ್ಧ ನಿಲ್ಲುತ್ತದೆ ಅಥವಾ ಇಲ್ಲವಾಗುತ್ತದೆ.

೧. ಪದವಿಭಾಗ

ಈ ರೂಪದಲ್ಲಿ ‘ಕಲಂ’, ‘ಅಱುತ್ತು’, ‘ಅರುಳಿ’ ಎಂಬ ಮೂರು ಅಂಗಗಳಿವೆ. ಕೊನೆಯದನ್ನು ಮೊದಲು ನೋಡಬಹುದು. ‘ಅರುಳ್’ ಎಂದರೆ ಕರುಣಿಸು. ಇಲ್ಲಿ ಅದು ಸಹಾಯಕ ಕ್ರಿಯಾಪದವಾಗಿ ರಾಜನ ಬಗೆಗಿನ ಗೌರವವನ್ನಷ್ಟೇ ಸೂಚಿಸುತ್ತದೆ. ಅದರಲ್ಲಿ ಕರುಣೆಯ ಕಥೆಯನ್ನು ಹುಡುಕಬೇಕಾಗಿಲ್ಲ. ಹಳಗನ್ನಡದ ‘ಬಿಜಯಂಗೆಯ್’ ಎಂಬುದನ್ನು ಇದರೊಡನೆ ಹೋಲಿಸಬಹುದು. ಅರಸನು ಬಿಜಯಂಗೆಯ್ದನೆಂದರೆ ಆಗಮಿಸಿದನೆಂದೇ ಹೊರತು ಗೆದ್ದನೆಂದಲ್ಲ. ಅದನ್ನು ಅಕ್ಷರಶಃ ಓದುವವನು ನಡೆಯದ ಯುದ್ಧವೊಂದನ್ನು ಸೃಷ್ಟಿಸುತ್ತಾನೆ.

‘ಅಱು’ ಧಾತುವಿಗೆ ತಮಿಳಿನಲ್ಲಿ ಎರಡು ಬಗೆಯ ರೂಪಗಳಿವೆ. ‘ಅಱ್ಱು’ ಎಂಬುದು ಅಕರ್ಮಕ: ತಾನಾಗಿ ಕಡಿದುಹೋಗಿ, ಇಲ್ಲವಾಗಿ. ‘ಅಱುತ್ತು’ ಎಂಬುದು ಸಕರ್ಮಕ: ಕಡಿದು, ಇಲ್ಲವಾಗಿಸಿ. ‘ಕೆಟ್ಟು’, ‘ಕೆಡುತ್ತು’ ಎಂಬ ಜೋಡಿಯೂ ಇಂಥದೇ. ಕನ್ನಡವು ಇಂಥ ಕಡೆ ಸಾಮಾನ್ಯವಾಗಿ ‘ಇಸು’ ಪ್ರತ್ಯಯವನ್ನು ಆಶ್ರಯಿಸಿ ‘ಕೆಟ್ಟು’, ‘ಕೆಡಿಸಿ’ ಎನ್ನುತ್ತದೆ. ಆದುದರಿಂದ ‘ಅಱುತ್ತು’ ಸಕರ್ಮಕ ಧಾತುವಿನ ಭೂತಕಾಲದ ಕೃದವ್ಯಯ. ‘ಕಲಂ’ ಅದರ ಕರ್ಮ. ಇಷ್ಟು ನಿರ್ವಿವಾದ.

೨. ಕಲವೆಂದರೇನು?

ಕರ್ಮಪದದಲ್ಲಿ ದ್ವಿತೀಯಾ ವಿಭಕ್ತಿಪ್ರತ್ಯಯವಿಲ್ಲ. ಕನ್ನಡದಲ್ಲಿ ‘ಮರ ಕಡಿದು’ ಎಂಬಂತೆ ಇದೂ ಸಹಜ ಪ್ರಯೋಗವೇ. ತೊಡಕಿರುವುದು ಅರ್ಥದಲ್ಲಿ. ತಮಿಳಿನ ‘ಕಲಂ’ ಪಾತ್ರೆಯೂ ಹೌದು, ಊಟದ ತಟ್ಟೆಯೂ ಹೌದು, ಹಡಗೂ ಹೌದು, ಆಭರಣವೂ ಹೌದು, ಧಾನ್ಯದ ಅಳತೆಯೂ ಹೌದು.

ಹುಲ್ಟ್ಜ್ ಅವರು ೧೮೯೦ರ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮೊದಲ ಸಂಪುಟದಲ್ಲಿ ಆಭರಣದ ಅರ್ಥವನ್ನು ಹಿಡಿದು, ಕಾಂದಳೂರಿನಲ್ಲಿ ರತ್ನದಂಥ ಶಾಲೆಯೊಂದನ್ನು ಕಟ್ಟಿಸಿದನೆಂದು ಅನುವಾದಿಸಿದರು. ‘ಅಱು’ ಧಾತುವಿಗೆ ಕಟ್ಟುವ ಅರ್ಥವಿಲ್ಲ. ಈ ಅನುವಾದ ನಿಲ್ಲಲಿಲ್ಲ. ಅವರೇ ಮುಂದೆ ಹಡಗುಗಳನ್ನು ನಾಶಮಾಡಿದನೆಂಬ ಅರ್ಥಕ್ಕೆ ಬಂದರು. ನೀಲಕಂಠ ಶಾಸ್ತ್ರಿಗಳು ಚೋಳರ ಚರಿತ್ರೆಯಲ್ಲಿ ಇದನ್ನೇ ಸ್ವೀಕರಿಸಿದ್ದರಿಂದ ಚೇರರ ಮೇಲಿನ ನೌಕಾವಿಜಯವು ಪಠ್ಯಪುಸ್ತಕಗಳನ್ನು ಸೇರಿತು. ಶಾಲೆಯನ್ನು ಅನ್ನಶಾಲೆಯೆಂದೂ ಕಲವನ್ನು ಊಟದ ತಟ್ಟೆಯೆಂದೂ ತಿಳಿಯುವ ಇನ್ನೊಂದು ಪಕ್ಷವೂ ಬೆಳೆಯಿತು. ಅದರ ಪ್ರಕಾರ ಕಡಿದದ್ದು ಹಡಗನ್ನಲ್ಲ, ಅನ್ನವನ್ನು.

೩. ಶಾಲೆಯ ಸ್ವರೂಪ

ಈ ವಿವಾದವನ್ನು ಧಾತುವಿನಿಂದಲೇ ಬಗೆಹರಿಸಲಾಗದು. ಶಾಲೆಯ ಸ್ವರೂಪವನ್ನೂ ತಿಳಿಯಬೇಕು. ಆಯ್ ಅರಸ ಕರುನಂದಡಕ್ಕನ್ ೮೬೬ರಲ್ಲಿ ಪಾರ್ಥಿವಶೇಖರಪುರದಲ್ಲಿ ದೇವಾಲಯದೊಡನೆ ಒಂದು ಶಾಲೆಯನ್ನು ಸ್ಥಾಪಿಸಿ ತಾಮ್ರಶಾಸನ ಬರೆಯಿಸಿದನು. ಅಲ್ಲಿ ೯೫ ಮಂದಿ ‘ಚಟ್ಟರ್’, ಅಂದರೆ ಛಾತ್ರರು. ಅವರು ವೇದಶಾಖೆಗಳಿಗೆ ಅನುಸಾರವಾಗಿ ವಿಂಗಡಿಸಲ್ಪಟ್ಟಿದ್ದಾರೆ. ಈ ಶಾಲೆಗೆ ಮಾದರಿ ಕಾಂದಳೂರಿನ ಮರ್ಯಾದೆ. ಕಾಂದಳೂರ್ ಶಾಲೆ ಇತರ ಶಾಲೆಗಳಿಗೆ ನಿಯಮ ಹಾಕಿಕೊಟ್ಟ ವಿದ್ಯಾಕೇಂದ್ರವಾಗಿತ್ತೆಂಬುದು ಇದರಿಂದ ಸ್ಪಷ್ಟ. ಎಂ.ಜಿ.ಎಸ್. ನಾರಾಯಣನ್ ಅವರು ಇಂಥ ಶಾಲೆಗಳಲ್ಲಿ ಬ್ರಾಹ್ಮಣರಿಗೆ ಶಸ್ತ್ರಶಿಕ್ಷಣವೂ ಇತ್ತೆಂದು ಪ್ರತಿಪಾದಿಸಿದ್ದಾರೆ.

ಕನ್ನಡನಾಡಿನಲ್ಲಿಯೂ ಇದಕ್ಕೆ ಸಾದೃಶ್ಯವಿದೆ. ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಪಾವಿಟ್ಟಗೆಯಲ್ಲಿ ಕಟ್ಟಿಸಿದ ಶಾಲೆಗೆ ೯೪೫ರಲ್ಲಿ ಭೂಮಿಯೂ ವಿದ್ಯಾರ್ಥಿಗಳ ವಾಸಕ್ಕೆ ಮನೆಗಳೂ ದತ್ತಿಯಾಗಿ ಬಂದವು. ಶಾಲೆ ಮರೆಯಾದರೂ ಇಂಡಿಯ ಬಳಿಯ ಆ ಊರು ಸಾಲೋಟಗಿ ಎಂಬ ಹೆಸರಿನಲ್ಲಿ ಅದನ್ನು ಉಳಿಸಿಕೊಂಡಿದೆ. ಚಾಲೈ ಪೇಟೆಯ ಹೆಸರಿನಲ್ಲಿರುವುದೂ ಇದೇ ಶಬ್ದ. ಇಂಥ ಸಂಸ್ಥೆಗಳಿಗೆ ದತ್ತಿಯ ಭೂಮಿ, ಧಾನ್ಯ, ನಿತ್ಯದ ಊಟಗಳೇ ಜೀವಾಳ. ಅವುಗಳನ್ನು ಕಡಿದರೆ ಶಾಲೆಯನ್ನೇ ಕಡಿದಂತೆ.

೪. ಕ್ರಿಯಾಸಮಾಸದ ದೃಷ್ಟಿ

ಕನ್ನಡ ವೈಯಾಕರಣರು ‘ಕ್ರಿಯಾಸಮಾಸ’ವೆಂದು ಗುರುತಿಸಿದ ರಚನೆಯು ಇಲ್ಲಿ ನೆರವಾಗುತ್ತದೆ. ಕೈಬಿಡು, ತಲೆದೂಗು, ಬೆನ್ನಟ್ಟು ಮುಂತಾದವುಗಳಲ್ಲಿ ನಾಮಪದವು ಪ್ರತ್ಯಯ ಕಳೆದುಕೊಂಡು ಕ್ರಿಯಾಪದದೊಡನೆ ಬೆರೆತಿದೆ. ಒಟ್ಟರ್ಥವು ಬಿಡಿ ಅರ್ಥಗಳ ಮೊತ್ತವಲ್ಲ. ‘ಕಲಮಱು’ ಸಹ ಹೀಗೆ ರೂಢಿಗೊಂಡ ಸಮಾಸವಾಗಿರಬಹುದು. ರಾಜರಾಜನ ತರುವಾಯ ಒಂದನೆಯ ರಾಜಾಧಿರಾಜನ ಪ್ರಶಸ್ತಿಯಲ್ಲಿಯೂ ಇದೇ ಸ್ಥಳದ ಇದೇ ಕಾರ್ಯ ಮರಳಿ ಬರುತ್ತದೆ. ಪ್ರತಿಯೊಬ್ಬ ಅರಸನೂ ಅದೇ ಊರಿನಲ್ಲಿ ಹೊಸದಾಗಿ ಹಡಗುಗಳನ್ನು ಕಡಿದನೆನ್ನುವುದಕ್ಕಿಂತ, ಆ ಶಾಲೆಯ ಮೇಲೆ ತನ್ನ ಅಧಿಕಾರವನ್ನು ಸ್ಥಾಪಿಸಿದನೆನ್ನುವುದು ಈ ಪುನರಾವೃತ್ತಿಗೆ ಹೆಚ್ಚು ಹೊಂದುತ್ತದೆ.

ಹಡಗಿನ ಅರ್ಥವನ್ನು ವ್ಯಾಕರಣವು ನಿಷೇಧಿಸುವುದಿಲ್ಲ. ಸ್ಥಳವು ಕಡಲಿಗೆ ಸಮೀಪ; ಪದವು ವಿಜಯಗಳ ಪಟ್ಟಿಯಲ್ಲಿದೆ. ಊಟ ನಿಲ್ಲಿಸಿದ್ದು ಅರಸನಿಗೆ ಕೀರ್ತಿಯಾದುದು ಹೇಗೆಂಬ ಪ್ರಶ್ನೆಗೆ ಅನ್ನಶಾಲೆಯ ಪಕ್ಷವು ಉತ್ತರಿಸಬೇಕು. ಹಾಗೆಯೇ ‘ಶಾಲೆ’ ಎಂಬ ಶಬ್ದವನ್ನು ಬಂದರಾಗಿಸುವ ಹೊಣೆ ನೌಕಾಪಕ್ಷದ್ದು. ಪದಕ್ಕೆ ಪದವಿಟ್ಟರೆ ಸಿಗುವುದು ‘ಕಾಂದಳೂರ್ ಶಾಲೆಯ ಕಲವನ್ನು ಕಡಿದು’ ಎಂಬಷ್ಟೇ. ಶಾಸನಪಾಠವನ್ನು ಬೋಧಿಸುವಾಗ ಮೊದಲು ಹೇಳಬೇಕಾದುದು ಇದು; ಮಿಕ್ಕುದು ವ್ಯಾಖ್ಯಾನ. ವ್ಯಾಖ್ಯಾನವನ್ನು ಪಾಠವೆಂದು ಓದಿದಲ್ಲಿ ಒಂದು ಪ್ರಾಚೀನ ವಿದ್ಯಾಕೇಂದ್ರದ ಅವಸಾನವು ಒಂದು ನೌಕಾಯುದ್ಧದ ಮರೆಯಲ್ಲಿ ಅಡಗಿಹೋಗುವ ಸಂಭವವಿದೆ.