ಎಂಟಡಿ ಶೆಡ್ಡಿಗೆ ಎಂಥ ಕಾರು?

ಕಾರು ನೋಡಲು ಹೋದವರು ಬೆಲೆ ಕೇಳುತ್ತಾರೆ, ಮೈಲೇಜು ಕೇಳುತ್ತಾರೆ, ತಿಂಗಳ ಕಂತು ಎಷ್ಟು ಬೀಳುತ್ತದೆ ಎಂದು ಕೇಳುತ್ತಾರೆ. ಅಗಲ ಎಷ್ಟು ಎಂದು ಕೇಳುವವರು ಕಡಿಮೆ. ಕೇಳಬೇಕಾದ ಕಾಲ ಬಂದಿದೆ. 1959ರಲ್ಲಿ ಬಂದ ಮೊದಲ ಮಿನಿ ಕಾರಿನ ಅಗಲ 1410 ಮಿಲಿಮೀಟರ್. ಇಂದಿನ ಮಿನಿ ಕೂಪರ್ 1700 ದಾಟಿದೆ. 1963ರ ಪೋರ್ಷೆ 911 ಕಾರು 1610 ಮಿ.ಮೀ. ಇತ್ತು, ಈಗಿನದು 1852. ಅಷ್ಟು ದೂರ ಯಾಕೆ, ನಮ್ಮ ಮಾರುತಿ 800 ಬರೀ 1440 ಇತ್ತು, ಇವತ್ತಿನ ಸ್ವಿಫ್ಟ್ 1735. ಕಾರುಗಳು ಅಡ್ಡಕ್ಕೆ ಬೆಳೆಯುತ್ತಲೇ ಇವೆ. ನಿವೇಶನ ಮಾತ್ರ ಅಂದಿನಂತೆ ಇಂದಿಗೂ ಮೂವತ್ತು-ನಲವತ್ತೇ.

ಬೆಂಗಳೂರಿನ ಜಯನಗರದ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದ್ದು 1980ರ ದಶಕದಲ್ಲಿ. ಕಾರ್ ಶೆಡ್ಡಿಗೆ ಅಳತೆ ಕೊಡುವಾಗ ಅವರ ಕಣ್ಣ ಮುಂದೆ ಇದ್ದದ್ದು ಪ್ರೀಮಿಯರ್ ಪದ್ಮಿನಿ. ಅದರ ಅಗಲ ಒಂದೂವರೆ ಮೀಟರಿಗಿಂತ ತುಸು ಕಡಿಮೆ. ಹಾಗಾಗಿ ಶೆಡ್ಡಿನ ಒಳ ಅಗಲ ಎಂಟಡಿ, ಗೇಟಿನ ಎರಡು ಕಂಬಗಳ ನಡುವೆ ಏಳೂವರೆ ಅಡಿ, ಉದ್ದ ಹದಿನೆಂಟು ಅಡಿ. ಅಂದಿಗೆ ಅದು ಧಾರಾಳವೇ. ನನಗೋ ಕಾಲೇಜಿನ ದಿನಗಳಿಂದ ಎರಡೇ ಸೀಟಿನ, ಮೇಲ್ಛಾವಣಿ ತೆರೆಯುವ ಕಾರಿನ ಹುಚ್ಚು. ಮಕ್ಕಳ ಓದು ಮುಗಿದು ಮನೆ ಸಾಲ ತೀರಿದ ಮೇಲೆ, ಇಪ್ಪತ್ತೈದು ಲಕ್ಷವನ್ನು ಈ ಹುಚ್ಚಿಗೆಂದು ಬೇರೆಯಾಗಿ ಇಟ್ಟೆ. ಸಾಲವಿಲ್ಲ, ಕಂತಿಲ್ಲ. ಆ ಹಣ ಶೇ 7ರ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 1.75 ಲಕ್ಷ ಬಡ್ಡಿ ಬರುತ್ತಿತ್ತು ಎಂಬುದು ಗೊತ್ತಿದ್ದೇ ಇಟ್ಟದ್ದು. ಹವ್ಯಾಸಕ್ಕೂ ಒಂದು ಬೆಲೆ ಇದೆ. ಅದನ್ನು ಕಾಗದದ ಮೇಲೆ ಬರೆದುಕೊಂಡರೆ ಸಾಕು, ಅಳಬೇಕಿಲ್ಲ.

ಆದರೆ ಆ ಕಾಗದದಲ್ಲಿ ಹೆಚ್ಚಿನವರು ಬರೆಯದ ಒಂದು ಸಾಲಿದೆ, ಕಾರು ನಿಲ್ಲುವ ನೆಲದ ಬೆಲೆ. ಎಂಟು ಗುಣಿಸು ಹದಿನೆಂಟು, 144 ಚದರಡಿ. ಚದರಡಿಗೆ ಹತ್ತು ಸಾವಿರ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ 14.4 ಲಕ್ಷ. ವಾರಕ್ಕೊಮ್ಮೆ ಹೊರಗೆ ಹೋಗುವ ಕಾರು ಉಳಿದ ದಿನವೆಲ್ಲ ಈ ಹದಿನಾಲ್ಕು ಲಕ್ಷದ ಮೇಲೆ ಮಲಗಿರುತ್ತದೆ. ಜಪಾನಿನಲ್ಲಿ ಕಾರು ನಿಲ್ಲಿಸಲು ಜಾಗವಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತಂದರೆ ಮಾತ್ರ ನೋಂದಣಿ. ಆ ಕಾನೂನು ಬಂದದ್ದು 1962ರಲ್ಲಿ. ನಮ್ಮಲ್ಲಿ ಆ ಮಾತು ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಕಾನೂನು ಕೇಳದಿದ್ದರೂ ನಮ್ಮ ಜೇಬು ಕೇಳಬೇಕು.

ನಾನು ಮೊದಲು ಆಸೆಪಟ್ಟದ್ದು ಬಿಎಂಡಬ್ಲ್ಯು ಜ಼ೆಡ್‌4 ಕಾರಿನ ಇತ್ತೀಚಿನ ತಲೆಮಾರು. ಹೊಸದಾಗಿ ಕೊಂಡರೆ ರಸ್ತೆಗಿಳಿಯುವ ಹೊತ್ತಿಗೆ ಕೋಟಿ ದಾಟುವ ಕಾರು ಅದು. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್. 90 ಲಕ್ಷದ ಕಾರಿಗೆ ಮೂಲ ತೆರಿಗೆಯೇ 16.2 ಲಕ್ಷ. ಅದು ನನ್ನ ಲೆಕ್ಕದ ಹೊರಗಿನ ಮಾತು. ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕುವಾಗ ಹಣಕ್ಕಿಂತ ಮೊದಲು ಅಡ್ಡ ಬಂದದ್ದು ಅಳತೆ. ಹೊಸ ತಲೆಮಾರು 1864 ಮಿ.ಮೀ. ಅಗಲ, ಅದಕ್ಕಿಂತ ಹಿಂದಿನದು 1790. ಏಳು ಸೆಂಟಿಮೀಟರಿನ ವ್ಯತ್ಯಾಸ. ಶೋರೂಮಿನ ನುಣುಪು ನೆಲದ ಮೇಲೆ ಅದು ಕಣ್ಣಿಗೇ ಕಾಣುವುದಿಲ್ಲ, ಎಂಟಡಿ ಶೆಡ್ಡಿನಲ್ಲಿ ಪಕ್ಕೆಲುಬಿಗೆ ಗೊತ್ತಾಗುತ್ತದೆ. ಹಳೆಯದು ಕಿರಿದೂ ಹೌದು, ಅಗ್ಗವೂ ಹೌದು. ಶೆಡ್ಡೇ ನನ್ನ ಪರವಾಗಿ ಚೌಕಾಸಿ ಮಾಡಿತು.

ಇಲ್ಲಿ ಒಂದು ಸ್ವಾರಸ್ಯವಿದೆ. 1790 ಎಂದರೆ ಸರಿಯಾಗಿ ಹುಂಡೈ ಕ್ರೆಟಾದ ಅಗಲ. ಪಕ್ಕದ ಮನೆಯಲ್ಲಿ ನಮ್ಮಷ್ಟೇ ಕಿರಿದಾದ ಶೆಡ್ಡಿನಲ್ಲಿ ಕ್ರೆಟಾ ದಿನಾ ಹೋಗಿ ಬರುತ್ತದೆ. ಅದು ಹೋಗುವುದಾದರೆ ಇದು ಯಾಕೆ ಹೋಗಬಾರದು? ಹೋಗುತ್ತದೆ. ಹೋದ ಮೇಲೆ ಇಳಿಯುವುದು ಹೇಗೆ ಎಂಬುದೇ ಪ್ರಶ್ನೆ. ನಾಲ್ಕು ಬಾಗಿಲಿನ ಕಾರಿಗೆ ಬಾಗಿಲು ಗಿಡ್ಡ, ಎರಡು ಬಾಗಿಲಿನ ಕಾರಿಗೆ ಉದ್ದ. ಗೋಡೆಗೂ ಕಾರಿಗೂ ನಡುವೆ 55 ಸೆಂಟಿಮೀಟರ್ ಸಂದು ಇದೆ ಎನ್ನಿ. 1.1 ಮೀಟರಿನ ಬಾಗಿಲು ಆ ಸಂದಿನಲ್ಲಿ 30 ಡಿಗ್ರಿ ತೆರೆಯುತ್ತದೆ, 1.3 ಮೀಟರಿನ ಬಾಗಿಲು 25 ಡಿಗ್ರಿಗೇ ಗೋಡೆಗೆ ತಾಗುತ್ತದೆ. ಮೇಲಾಗಿ ಎತ್ತರದ ಸೀಟಿನಿಂದ ಜಾರಿ ಇಳಿಯುವುದು ಬೇರೆ, ನೆಲದಿಂದ ಗೇಣುದ್ದ ಮೇಲಿರುವ ಸೀಟಿನಿಂದ ಏಳುವುದು ಬೇರೆ. “ಟಾಪ್ ಓಪನ್ ಮಾಡಿ ಮೇಲಿಂದ ಹಾರಿಬಿಡಿ ಅಪ್ಪಾ” ಎಂದ ಮಗ. ಸಿನಿಮಾದ ಹೀರೊಗೆ ಅದು ಸರಿ, ಮಂಡಿ ಸವೆದವರಿಗಲ್ಲ.

ಹಾಗಾಗಿ ಕಾರು ಹುಡುಕುವುದಕ್ಕಿಂತ ಮೊದಲು ಕರೆಸಿದ್ದು ಮೇಸ್ತ್ರಿಯನ್ನು. ಶೆಡ್ಡಿನ ಒಂದು ಬದಿಗೆ ಮನೆಯ ಗೋಡೆ, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಬದಿಗೆ ತೋಟದ ಕಡೆಯ ಒಂಬತ್ತಿಂಚಿನ ಇಟ್ಟಿಗೆ ಗೋಡೆ. ಮೇಲೆ ಶೀಟು. “ಗೋಡೆ ಒಡೆಯೋದು ದೊಡ್ಡ ವಿಷಯ ಅಲ್ಲ ಸರ್, ಅದು ಏನು ಹೊತ್ತುಕೊಂಡಿದೆ ಅಂತ ನೋಡೋದೇ ಕೆಲಸ” ಎಂದರು ಅವರು. ಶೀಟಿನ ಭಾರ ಬಿಟ್ಟರೆ ಬೇರೇನೂ ಇರಲಿಲ್ಲ. ಮೂರು ಕಬ್ಬಿಣದ ಕಂಬ ನಿಲ್ಲಿಸಿ ಶೀಟನ್ನು ಅವಕ್ಕೆ ವಹಿಸಿ, ಗೋಡೆ ಕೆಡವಿ ನಾಲ್ಕಿಂಚಿನ ಬ್ಲಾಕಿನಲ್ಲಿ ಮತ್ತೆ ಕಟ್ಟಿದರು. ಐದಿಂಚು ಸಿಕ್ಕಿತು. ಮನೆಯ ಗೋಡೆಯ ಕಡೆ ಹತ್ತು ಸೆಂಟಿಮೀಟರ್ ಬಿಟ್ಟು ಕಾರು ನಿಲ್ಲಿಸಿದರೆ ತೋಟದ ಕಡೆ ಎರಡಡಿಗಿಂತ ತುಸು ಹೆಚ್ಚೇ ಸಂದು. ಆಗ ಆ ಉದ್ದನೆಯ ಬಾಗಿಲೂ 30 ಡಿಗ್ರಿ ತೆರೆಯುತ್ತದೆ. ತೋಟ ಇರುವುದು ಒಳಗೆ ಬರುವವರ ಎಡಕ್ಕೆ, ನಮ್ಮ ದೇಶದ ಸ್ಟೀರಿಂಗ್ ಬಲಕ್ಕೆ. ಹಾಗಾಗಿ ಕಾರನ್ನು ರಿವರ್ಸ್‌ನಲ್ಲೇ ಒಳಗೆ ತರಬೇಕು. ಪಕ್ಕದ ಸೀಟಿನವರು ಗೇಟಿನ ಹೊರಗೇ ಇಳಿಯಬೇಕು. “ಮಳೆ ಬಂದ್ರೆ ನಾನು ನೆನೀಬೇಕಾ ರೀ?” ಎಂದು ಮನೆಯಾಕೆ ಕೇಳಿದ್ದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಕೊಡೆಯೊಂದು ಕಾರಿನಲ್ಲೇ ಇರುತ್ತದೆ.

ಗೇಟಿನದು ಬೇರೆ ಕಥೆ. ಕಂಬಗಳ ನಡುವೆ ಏಳೂವರೆ ಅಡಿ ಎಂದೆನಲ್ಲ, ಒಳಕ್ಕೆ ತೆರೆಯುವ ಎರಡು ಬಾಗಿಲುಗಳು ಕೀಲು ಸೇರಿ ಆಚೀಚೆ ಮೂರು ಮೂರಿಂಚು ತಿನ್ನುತ್ತಿದ್ದವು. ಉಳಿದದ್ದು ಏಳೇ ಅಡಿ. ಕನ್ನಡಿಗಳು ಬಿಚ್ಚಿದಾಗ ಕಾರಿನ ಅಗಲ ಇನ್ನೂ ಅರ್ಧ ಅಡಿ ಹೆಚ್ಚು, ಆಗ ಎರಡೂ ಕಡೆ ಉಳಿಯುವುದು ನಾಲ್ಕು ಬೆರಳು. ಕಂಬ ಸರಿಸುವ ಬದಲು ಗೇಟನ್ನೇ ಬದಲಿಸಿ, ಕಾಂಪೌಂಡಿನ ಉದ್ದಕ್ಕೂ ಸರಿಯುವ ಸ್ಲೈಡಿಂಗ್ ಗೇಟು ಹಾಕಿಸಿದೆ. ಕಳೆದುಹೋಗಿದ್ದ ಅರ್ಧ ಅಡಿ ವಾಪಸು ಬಂತು.

ಇಳಿಜಾರಿನ ಮಾತನ್ನು ಮರೆಯುವವರೇ ಹೆಚ್ಚು. ಚರಂಡಿ ಚಪ್ಪಡಿ ದಾಟಿ ಒಳಗೆ ಬರುವಾಗ ನಮ್ಮ ನೆಲ ಒಂಬತ್ತಿಂಚು ಎತ್ತರ. ಹಳೆಯ ಇಳಿಜಾರು ಮೂರಡಿ ಉದ್ದದಲ್ಲಿ ಅಷ್ಟೂ ಏರುತ್ತಿತ್ತು, ಸುಮಾರು 14 ಡಿಗ್ರಿ. ಕ್ರೆಟಾದ ಹೊಟ್ಟೆಗೂ ನೆಲಕ್ಕೂ 190 ಮಿ.ಮೀ. ಅಂತರ, ಅದಕ್ಕೆ ಇದು ಲೆಕ್ಕಕ್ಕಿಲ್ಲ. ತಗ್ಗಿನ ಕಾರಿನ ಗದ್ದ ಮೊದಲು ಉಜ್ಜುತ್ತದೆ, ಆಮೇಲೆ ಏರು ಮುಗಿಯುವ ಮೂಲೆಯಲ್ಲಿ ಹೊಟ್ಟೆ ಉಜ್ಜುತ್ತದೆ. ಇಳಿಜಾರನ್ನು ಆರಡಿಗೆ ಹಿಗ್ಗಿಸಿದರೆ ಅದು 7 ಡಿಗ್ರಿಗೆ ಇಳಿಯುತ್ತದೆ. ಹಿಗ್ಗಿಸಬೇಕಾದದ್ದು ಗೇಟಿನ ಒಳಗೆ. ಹೊರಗೆ ಕಾಂಕ್ರೀಟು ಸುರಿದು ಚರಂಡಿಯ ಮೇಲೋ ಫುಟ್‌ಪಾತಿನ ಮೇಲೋ ಇಳಿಜಾರು ಕಟ್ಟುವವರು ಬೆಂಗಳೂರಿನಲ್ಲಿ ಬೀದಿಗೊಬ್ಬರಿದ್ದಾರೆ. ಅದು ನಮ್ಮ ಜಾಗವಲ್ಲ, ಪಾಲಿಕೆಯವರ ಜೆಸಿಬಿ ಬಂದ ದಿನ ನಮ್ಮ ದುಡ್ಡೂ ಅಲ್ಲ. ಒಳಗೆ ಹಿಗ್ಗಿಸುವಾಗ ಸಂಪಿನ ಬಾಯಿ ಸರಿಯಾಗಿ ಚಕ್ರದ ದಾರಿಯಲ್ಲೇ ಬಂತು. ಅದರ ಮೇಲಿದ್ದದ್ದು ಹಳೆಯ ಕಡಪ ಕಲ್ಲು, ಒಂದೂವರೆ ಟನ್ ಹತ್ತಿರದ ಕಾರನ್ನು ಅದು ತಾಳುತ್ತದೆ ಎಂದು ನಂಬುವ ಧೈರ್ಯ ನನಗಿರಲಿಲ್ಲ. ಭಾರ ತಡೆಯುವ ಮುಚ್ಚಳ ಹಾಕಿಸಿದೆ. 2024ರ ಬೇಸಿಗೆಯಂಥ ಬೇಸಿಗೆ ಮತ್ತೆ ಬಂದು ಟ್ಯಾಂಕರ್ ತರಿಸಬೇಕಾದರೆ ಆ ಬಾಯಿ ಸುಲಭವಾಗಿ ತೆರೆಯಲೂ ಬೇಕಲ್ಲ.

ಖರ್ಚು ಹೀಗೆ: ಗೋಡೆಗೆ 62 ಸಾವಿರ, ಗೇಟಿಗೆ 48 ಸಾವಿರ, ಇಳಿಜಾರು ಮತ್ತು ಸಂಪಿಗೆ 18 ಸಾವಿರ, ಚಕ್ರ ತಡೆಯುವ ರಬ್ಬರು, ಗೋಡೆಗೆ ಅಂಟಿಸುವ ಫೋಮ್ ಹಾಳೆ, ಗೇಟಿನ ಬಳಿಯ ಉಬ್ಬು ಕನ್ನಡಿಗೆ ನಾಲ್ಕೂವರೆ ಸಾವಿರ. ಒಟ್ಟು 1,32,500 ರೂಪಾಯಿ. ಇದನ್ನು ಇಪ್ಪತ್ತೈದು ಲಕ್ಷದಿಂದ ಮೊದಲೇ ಕಳೆದು, ಉಳಿದದ್ದರಲ್ಲಿ ಕಾರು ಹುಡುಕಿದೆ. ಕಾರು ತಂದ ಮೇಲೆ ಮನೆ ಕೆಲಸಕ್ಕೆ ಹಣ ಹುಡುಕುವವರು ಕೊನೆಗೆ ಅರ್ಧ ಕೆಲಸದಲ್ಲೇ ನಿಲ್ಲಿಸುತ್ತಾರೆ. ಬೇರೆ ದಾರಿಯೂ ಇತ್ತು. ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಖಾಲಿ ಇದ್ದ ಪಾರ್ಕಿಂಗಿಗೆ ತಿಂಗಳಿಗೆ ನಾಲ್ಕು ಸಾವಿರ ಕೇಳಿದರು, ವರ್ಷಕ್ಕೆ 48 ಸಾವಿರ. ಮೂರು ವರ್ಷದೊಳಗೆ ನನ್ನ ಖರ್ಚು ಹುಟ್ಟುತ್ತದೆ, ಆಮೇಲಿನದು ಲಾಭ. ಬಾಡಿಗೆ ಮನೆಯಲ್ಲಿದ್ದರೆ ಲೆಕ್ಕ ತಿರುಗಿಬೀಳುತ್ತದೆ, ಆಗ ತಿಂಗಳ ನಾಲ್ಕು ಸಾವಿರವೇ ಜಾಣತನ.

ಫ್ಲ್ಯಾಟಿನವರಿಗೆ ಒಂದು ಮಾತು. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಫ್ಲ್ಯಾಟಿನಿಂದ ಬೇರ್ಪಡಿಸಿ ಮಾರುವಂತಿಲ್ಲ ಎಂದಿತು. ಪಾರ್ಕಿಂಗಿಗೆ ಪ್ರತ್ಯೇಕ ಲಕ್ಷಗಳನ್ನು ಕೇಳಿದರೆ ಕರಾರು ಪತ್ರವನ್ನು ವಕೀಲರಿಗೆ ತೋರಿಸಿ. ಕಂಬಗಳ ನಡುವಿನ ಅಂತರವನ್ನು ಟೇಪು ಹಿಡಿದು ನೀವೇ ಅಳೆಯಿರಿ.

ಇಷ್ಟೆಲ್ಲ ಇಂಚುಗಳಿಗೆ ಯಾಕೆ ಒದ್ದಾಟ, ಗೀಚಿದರೆ ಇನ್ಶೂರೆನ್ಸ್ ಇದೆಯಲ್ಲ ಎಂದವರಿದ್ದಾರೆ. ಅವರಿಗಾಗಿ ಈ ಲೆಕ್ಕ. ಶೆಡ್ಡಿನಲ್ಲಿ ಮೊದಲು ಪೆಟ್ಟು ತಿನ್ನುವುದು ಬಂಪರ್. ಅದು ಪ್ಲಾಸ್ಟಿಕ್, ಮತ್ತು ಜ಼ೀರೊ ಡೆಪ್ರಿಸಿಯೇಷನ್ ಪಾಲಿಸಿ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಕಂಪನಿ ಅರ್ಧ ಬೆಲೆ ಕಳೆಯುತ್ತದೆ. ಹಳೆಯ ಕಾರಿಗೆ ಆ ಪಾಲಿಸಿ ಸಿಗುವುದೇ ಕಷ್ಟ. 15 ಸಾವಿರದ ಬಂಪರಿಗೆ ಏಳೂವರೆ ಸಾವಿರ, ಅದರಲ್ಲಿ 1500 ಸಿಸಿ ಮೀರಿದ ಕಾರಿಗೆ ಕಡ್ಡಾಯ ಕಡಿತ ಎರಡು ಸಾವಿರ. ಕೈಗೆ ಬರುವುದು ಐದೂವರೆ ಸಾವಿರ. ಹೋಗುವುದೆಷ್ಟು? ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷಕ್ಕೆ 40 ಸಾವಿರ, ನಿಮಗೆ ನೋ ಕ್ಲೇಮ್ ಬೋನಸ್ ಶೇ 50 ಇದೆ ಎನ್ನಿ. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಬೀಳುತ್ತದೆ. ಮತ್ತೆ 20, 25, 35, 45, 50 ಎಂದು ಏರಲು ಕ್ಲೇಮಿಲ್ಲದ ಐದು ವರ್ಷ ಬೇಕು. ಆ ಅವಧಿಯಲ್ಲಿ ಕಳೆದುಕೊಂಡ ರಿಯಾಯಿತಿಯನ್ನು ಕೂಡಿಸಿ: 50, 30, 25, 15, 5, ಒಟ್ಟು ಶೇ 125. ಪ್ರೀಮಿಯಂ ಅಷ್ಟೇ ಇದ್ದರೆ 50 ಸಾವಿರ ರೂಪಾಯಿ. ಐದೂವರೆ ಸಾವಿರ ಪಡೆಯಲು ಐವತ್ತು ಸಾವಿರ! ಸಣ್ಣ ಗೀರಿಗೆ ಕ್ಲೇಮ್ ಮಾಡಲೇಬೇಡಿ, ಕೈಯಿಂದ ಹಾಕಿ ಸರಿಪಡಿಸಿಕೊಳ್ಳಿ. ನಾಲ್ಕೂವರೆ ಸಾವಿರದ ರಬ್ಬರು, ಫೋಮು, ಕನ್ನಡಿ ನನ್ನ ಪ್ರಕಾರ ಈ ಕಾರಿಗೆ ನಾನು ಮಾಡಿಸಿದ ಅತ್ಯುತ್ತಮ ವಿಮೆ. ಒಂದು ಸಮಾಧಾನವೂ ಇದೆ, ಈ ಬೋನಸ್ ಕಾರಿನದಲ್ಲ, ಮಾಲೀಕನದು. ಹಳೆಯ ಕಾರು ಮಾರಿದಾಗ ಪತ್ರ ಪಡೆದುಕೊಂಡರೆ ಅದನ್ನು ಹೊಸ ಕಾರಿಗೆ ತರಬಹುದು. ನಮ್ಮ ಮನೆಯ ಹಳೆಯ ಹ್ಯಾಚ್‌ಬ್ಯಾಕಿನ ಬೋನಸ್ ಹಾಗೆಯೇ ಬಂತು.

ದೆಹಲಿಯಿಂದ ತಂದರೆ ಅಗ್ಗ ಎಂಬ ಸಲಹೆಯೂ ಸಿಗುತ್ತದೆ. ಅಗ್ಗವೇ. ಆದರೆ ಬೇರೆ ರಾಜ್ಯದ ಕಾರನ್ನು ಇಲ್ಲೇ ಇಟ್ಟುಕೊಂಡರೆ ಎನ್‌ಒಸಿ ತಂದು ನೋಂದಣಿ ಬದಲಿಸಬೇಕು, ಕಾರಿನ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸನ್ನು ಕರ್ನಾಟಕಕ್ಕೆ ಮತ್ತೆ ಕಟ್ಟಬೇಕು. ಅದನ್ನು ಸೇರಿಸಿದರೆ ನನಗೆ ಹೇಳಿದ ಅಗ್ಗದಲ್ಲಿ ಉಳಿಯುತ್ತಿದ್ದದ್ದು ಅಲ್ಪ. ಜೊತೆಗೆ ಅಂಥ ಕಾರನ್ನು ಮನೆಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿ ನೋಡುವುದು ಹೇಗೆ? ಇಲ್ಲಿಯದೇ, ಕೆಎ ನಂಬರಿನ, ಹತ್ತು ವರ್ಷ ದಾಟಿದ ಕಾರನ್ನು 23 ಲಕ್ಷದೊಳಗೆ ಕೊಂಡೆ. ಅದಕ್ಕೂ ಮೊದಲು ಶೆಡ್ಡಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕಾರಿನ ಅಳತೆ ಬರೆದು, ಬಾಗಿಲಿನ ಉದ್ದದ ರಟ್ಟು ಹಿಡಿದು, ಸ್ಟೂಲಿನ ಮೇಲೆ ಕೂತು ಎದ್ದು ನೋಡಿದ್ದೆ. ನೋಡಿದವರು ನಕ್ಕರು, ನಗಲಿ.

ಸ್ಪೋರ್ಟ್ಸ್ ಕಾರೇ ಆಗಲಿ, ಎಸ್‌ಯುವಿಯೇ ಆಗಲಿ, ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ಮಾರುವವರಿಗೆ ಒಂದೇ ಷರತ್ತು ಹಾಕಿ. ಕಾರು ನಿಮ್ಮ ಮನೆಗೆ ಬರಬೇಕು, ನೀವೇ ಅದನ್ನು ಶೆಡ್ಡಿನೊಳಗೆ ನಿಲ್ಲಿಸಬೇಕು, ಬಾಗಿಲು ತೆಗೆದು ಇಳಿಯಬೇಕು. ಒಪ್ಪದಿದ್ದರೆ ಬೇರೆ ಕಾರು ನೋಡಿ.