ಬಿಳಿ ಅಂಚು ನೋಡಿ, ಆಮೇಲೆ ಫಿಲ್ಟರ್ ಮುಟ್ಟಿ

ಕಲರ್ ನೆಗೆಟಿವ್‌ನಿಂದ ಮನೆಯ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ತೆಗೆಯಲು ಹೊರಟವರನ್ನು ಮೊದಲು ಕಂಗೆಡಿಸುವುದು ಬಣ್ಣದ ಛಾಯೆ. ಮುಖ ಹಸಿರಾಗಿ ಬರುತ್ತದೆ, ಇಲ್ಲವೇ ಚಿತ್ರವಿಡೀ ಕುಂಕುಮದ ನೀರಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ. ತಕ್ಷಣ ಕೈ ಎನ್‌ಲಾರ್ಜರಿನ ಫಿಲ್ಟರ್ ಗುಂಡಿಗೆ ಹೋಗುತ್ತದೆ. ಅಲ್ಲಿ ಸ್ವಲ್ಪ ತಡೆಯಿರಿ. ಛಾಯೆ ಎಲ್ಲಿ ಹುಟ್ಟಿತು ಎಂಬುದು ಗೊತ್ತಾಗದೆ ಗುಂಡಿ ತಿರುಗಿಸಿದರೆ ದುಬಾರಿ ಪೇಪರ್ ಖರ್ಚಾಗುತ್ತದೆಯೇ ಹೊರತು ಬಣ್ಣ ಸರಿಹೋಗುವುದಿಲ್ಲ.

ಪ್ರಿಂಟ್ ಪೂರ್ತಿ ಒಣಗಲಿ. ಒದ್ದೆ ಕಲರ್ ಪೇಪರ್ ನೀಲಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಅದು ಹೋಗುತ್ತದೆ. ಅವಸರವಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ. ಒಣಗಿದ್ದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಹಳದಿ ಬಲ್ಬಿನ ಕೆಳಗೂ ಬೇಡ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದ ಹಗಲು ಬೆಳಕು ಒಳ್ಳೆಯದು. ರಾತ್ರಿ ಕೆಲಸ ಮಾಡುವವರು ಸಿಆರ್‌ಐ (ಬಣ್ಣಗಳನ್ನು ನಿಜವಾಗಿ ತೋರಿಸುವ ಅಳತೆ) 90ಕ್ಕಿಂತ ಹೆಚ್ಚಿರುವ 5000 ಕೆಲ್ವಿನ್ ದೀಪ ಇಟ್ಟುಕೊಳ್ಳಿ. ತುಂಬಾ ಹೊತ್ತು ದಿಟ್ಟಿಸಿದರೆ ಕಣ್ಣು ಛಾಯೆಗೆ ಒಗ್ಗಿಹೋಗುತ್ತದೆ. ಥಟ್ಟನೆ ನೋಡಿದಾಗ ಏನನ್ನಿಸಿತೋ ಅದನ್ನು ನಂಬಿ.

ಈಗ ಅಂಚು. ಪೇಪರನ್ನು ಹಿಡಿದಿಡುವ ಈಸೆಲ್‌ನ ಪಟ್ಟಿಯಡಿ ಇದ್ದ ಭಾಗಕ್ಕೆ ಬೆಳಕು ಬಿದ್ದಿರುವುದಿಲ್ಲ, ಆದ್ದರಿಂದ ಅದು ಅಚ್ಚ ಬಿಳಿಯಾಗಿಯೇ ಇರಬೇಕು. ಗುಲಾಬಿಯೋ ಹಳದಿಯೋ ಅಂಟಿದ್ದರೆ ತಪ್ಪು ನೆಗೆಟಿವ್‌ನದಲ್ಲ, ಫಿಲ್ಟರ್‌ನದೂ ಅಲ್ಲ. ಖಚಿತ ಮಾಡಿಕೊಳ್ಳಲು ಕತ್ತಲಲ್ಲಿ ಹೊಸ ಪೇಪರಿನ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ಡೆವಲಪರಿಗೆ ಹಾಕದೆ ನೇರವಾಗಿ ಬ್ಲೀಚ್-ಫಿಕ್ಸ್‌ಗೆ ಹಾಕಿ. ಅದೇ ಆ ಪೇಪರಿನ ನಿಜವಾದ ಬಿಳುಪು. ಇನ್ನೊಂದನ್ನು ಬೆಳಕು ತೋರಿಸದೆ ಪೂರ್ತಿ ಸಂಸ್ಕರಿಸಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಪೇಪರ್ ಹಳತಾಗಿದೆ, ಇಲ್ಲವೇ ಕೋಣೆಯೊಳಗೆ ಬೆಳಕು ನುಸುಳಿದೆ, ಇಲ್ಲವೇ ರಾಸಾಯನಿಕ ಕೆಟ್ಟಿದೆ. ಮೂರನೆಯದಕ್ಕೆ ಸಾಮಾನ್ಯ ಕಾರಣ, ಪೇಪರಿನ ಜೊತೆ ಡೆವಲಪರ್ ಬ್ಲೀಚ್-ಫಿಕ್ಸ್‌ಗೆ ಸಾಗಿಹೋಗುವುದು. ನಡುವೆ ತೆಳು ಅಸಿಟಿಕ್ ಆಮ್ಲದ ಸ್ಟಾಪ್ ಬಾತ್ ಇಟ್ಟರೆ ಈ ಕಾಟ ಬಹುಪಾಲು ನಿಲ್ಲುತ್ತದೆ.

ಅಂಚು ಬೆಳ್ಳಗಿದೆ ಎಂದಾದರೆ ಮೊದಲು ಗಾಢತೆ ಸರಿಮಾಡಿ. ತೀರಾ ತೆಳುವಾದ ಪ್ರಿಂಟಿನಲ್ಲಿ ಛಾಯೆ ಅಡಗಿಕೊಳ್ಳುತ್ತದೆ, ಕಪ್ಪಾದದ್ದರಲ್ಲಿ ಮೋಸ ಮಾಡುತ್ತದೆ.

ಇಷ್ಟಾದ ಮೇಲೆ ಫಿಲ್ಟರ್. ನೆಗೆಟಿವ್ ಪ್ರಿಂಟಿಂಗ್‌ನ ಲೆಕ್ಕ ಹೊಸಬರಿಗೆ ತಿರುಗುಮುರುಗಾಗಿ ತೋರುತ್ತದೆ: ಪ್ರಿಂಟಿನಲ್ಲಿ ಯಾವ ಬಣ್ಣ ಹೆಚ್ಚಾಗಿದೆಯೋ ಅದೇ ಬಣ್ಣದ ಫಿಲ್ಟರ್ ಸೇರಿಸಬೇಕು. ಕಾರಣ ಸರಳ. ಪೇಪರಿನಲ್ಲಿ ಹಳದಿ ವರ್ಣ ಹುಟ್ಟುವುದು ನೀಲಿ ಬೆಳಕಿನಿಂದ. ಹಳದಿ ಫಿಲ್ಟರ್ ಆ ನೀಲಿಯನ್ನು ತಡೆಯುತ್ತದೆ, ಹಾಗಾಗಿ ಹಳದಿ ಇಳಿಯುತ್ತದೆ. ಮಜೆಂಟಾ ಹೆಚ್ಚಿದ್ದರೆ ಮಜೆಂಟಾ ಏರಿಸಿ. ಕೆಂಪು ಹೆಚ್ಚಿದ್ದರೆ ಹಳದಿ, ಮಜೆಂಟಾ ಎರಡನ್ನೂ ಏರಿಸಿ. ಹಸಿರು ಕಂಡರೆ ಮಜೆಂಟಾ ಇಳಿಸಿ, ನೀಲಿ ಕಂಡರೆ ಹಳದಿ ಇಳಿಸಿ, ಸಯಾನ್ ಕಂಡರೆ ಎರಡನ್ನೂ ಇಳಿಸಿ. ಸಯಾನ್ ಫಿಲ್ಟರನ್ನು ಸೊನ್ನೆಯಲ್ಲೇ ಬಿಡಿ. ಮೂರನ್ನೂ ಬಳಸಿದರೆ ಬೆಳಕು ಕುಗ್ಗುತ್ತದೆ, ಬೇರೆ ಲಾಭವಿಲ್ಲ.

ಛಾಯೆ ಸೂಕ್ಷ್ಮವಾಗಿದ್ದರೆ 5 ಅಂಕ, ಸ್ಪಷ್ಟವಾಗಿದ್ದರೆ 10, ಕಣ್ಣಿಗೆ ರಾಚುತ್ತಿದ್ದರೆ 20. ಒಂದು ಸಲಕ್ಕೆ ಒಂದೇ ಬದಲಾವಣೆ, ಪುಟ್ಟ ಟೆಸ್ಟ್ ಸ್ಟ್ರಿಪ್‌ನಲ್ಲಿ. ಮಜೆಂಟಾ ಏರಿಸಿದಾಗ ಪ್ರಿಂಟ್ ತುಸು ತಿಳಿಯಾಗುತ್ತದೆ, ಆಗ ಎಕ್ಸ್‌ಪೋಷರ್ ಸಮಯ ಸ್ವಲ್ಪ ಹೆಚ್ಚಿಸಿ.

ಯಾವುದನ್ನು ನೋಡಿ ಅಳೆಯುವುದು? ರೀಲಿನ ಮೊದಲ ಚಿತ್ರವಾಗಿ ಶೇ 18ರ ಗ್ರೇ ಕಾರ್ಡ್ ತೆಗೆದಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇಲ್ಲದಿದ್ದರೆ ಸಿಮೆಂಟ್ ಗೋಡೆ, ಕಲ್ಲಿನ ಕಂಬ, ನರೆತ ಕೂದಲು ಹುಡುಕಿ. ಬಿಳಿ ಪಂಚೆಯನ್ನು ನಂಬಬೇಡಿ, ನೀಲಿ ಹಾಕಿ ಒಗೆದ ಬಟ್ಟೆ ನೀಲಿಯಾಗಿಯೇ ಬರುತ್ತದೆ. ಅರಿಶಿನ ಶಾಸ್ತ್ರದ ಚಿತ್ರದಲ್ಲಿ ಮದುಮಗಳ ಕೆನ್ನೆ ಹಳದಿಯಾಗಿರಬೇಕಾದದ್ದೇ. ಅದನ್ನು ಅಳಿಸಿದರೆ ಅವಳ ಹಿಂದಿನ ಗೋಡೆ ನೀಲಿಗಟ್ಟುತ್ತದೆ. ಲ್ಯಾಬಿನ ಸ್ವಯಂಚಾಲಿತ ಯಂತ್ರಗಳಿಗೆ ಈ ವಿವೇಕವಿಲ್ಲ. ಚೌಕಟ್ಟಿನ ಬಣ್ಣಗಳೆಲ್ಲ ಸೇರಿ ಬೂದಾಗುತ್ತವೆ ಎಂಬ ಲೆಕ್ಕದಲ್ಲಿ ಅವು ಕೆಲಸ ಮಾಡುತ್ತವೆ. ಕೆಂಪು ರೇಷ್ಮೆ ಸೀರೆಯೇ ತುಂಬಿರುವ ಚಿತ್ರದಲ್ಲಿ ಯಂತ್ರ ಕೆಂಪನ್ನು ಕಳೆಯುತ್ತದೆ, ವಧುವಿನ ಮುಖ ಸಯಾನ್‌ಗೆ ತಿರುಗುತ್ತದೆ. ಅಂಥ ಪ್ರಿಂಟನ್ನು ವಾಪಸು ಕೊಟ್ಟು ಕೈಯಿಂದ ಸರಿಪಡಿಸಿ ಕೊಡಲು ಕೇಳಿ.

ಫಿಲ್ಟರಿಗೆ ಬಗ್ಗದ ಛಾಯೆಗಳೂ ಇವೆ. ಛತ್ರದ ಟ್ಯೂಬ್‌ಲೈಟಿನಡಿ ಫ್ಲ್ಯಾಶ್ ಹಾಕಿ ತೆಗೆದರೆ ಮುಖ ಸರಿ, ಹಿನ್ನೆಲೆ ಹಸಿರು. ಹಿನ್ನೆಲೆ ಸರಿಮಾಡಲು ಹೋದರೆ ಮುಖ ಗುಲಾಬಿ. ಮುಖವನ್ನು ಉಳಿಸಿಕೊಳ್ಳಿ. ಇನ್ನೊಂದು, ನೆರಳಿನಲ್ಲಿ ಒಂದು ಬಣ್ಣ, ಬೆಳಕಿನ ಭಾಗದಲ್ಲಿ ಅದರ ವಿರುದ್ಧ ಬಣ್ಣ: ನೆರಳು ಹಸಿರು, ಹಣೆ ಮಜೆಂಟಾ. ಇದನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಅವಧಿ ಮೀರಿದ ಫಿಲ್ಮ್, ಕಡಿಮೆ ಎಕ್ಸ್‌ಪೋಷರ್, ಡೆವಲಪರಿನ ತಪ್ಪು ಶಾಖ ಇದಕ್ಕೆ ಕಾರಣ. ಫಿಲ್ಮ್ ಸಿ-41 ಡೆವಲಪರಿನಲ್ಲಿ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಅಲ್ಲಿ ತಪ್ಪಿದ್ದು ಎನ್‌ಲಾರ್ಜರಿನಲ್ಲಿ ಪೂರ್ತಿ ಸರಿಹೋಗದು. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನೆರಳು, ಬೆಳಕುಗಳನ್ನು ಬೇರೆಬೇರೆಯಾಗಿ ತಿದ್ದುವುದು ವಾಸಿ.

ಸರಿಯಾದ ಪ್ರಿಂಟ್ ಸಿಕ್ಕ ಕೂಡಲೇ ಫಿಲ್ಮಿನ ಹೆಸರು, ಹಳದಿ ಮತ್ತು ಮಜೆಂಟಾ ಅಂಕಗಳು, ಲೆನ್ಸಿನ ಅಪರ್ಚರ್, ಸೆಕೆಂಡು, ಪೇಪರಿನ ಬ್ಯಾಚ್ ಸಂಖ್ಯೆ ಇಷ್ಟನ್ನೂ ಪುಸ್ತಕದಲ್ಲಿ ಬರೆದಿಡಿ. ಅದೇ ಫಿಲ್ಮಿನ ಮುಂದಿನ ರೀಲನ್ನು ಅಲ್ಲಿಂದಲೇ ಶುರುಮಾಡಬಹುದು. ಹೊಸ ಬ್ಯಾಚಿನ ಡಬ್ಬಿ ಒಡೆದ ದಿನ ಮಾತ್ರ ಮತ್ತೆ ಟೆಸ್ಟ್ ಸ್ಟ್ರಿಪ್ ತೆಗೆಯಿರಿ.