ಮಾಹಿತಿ ಸೋರಿಕೆಯ ನಂತರ: ಸಾಲದ ವರದಿಗೆ ಕಾವಲು ಬೇಕೆ?

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂತಹ ಊರಿನ ಕಿರಾಣಿ ಅಥವಾ ಗೊಬ್ಬರದ ವ್ಯಾಪಾರಿಯು ದುಡಿಯುವ ಬಂಡವಾಳಕ್ಕಾಗಿ ಅರ್ಜಿ ಸಲ್ಲಿಸಿದಾಗ, ಬ್ಯಾಂಕು ಆತನ ಸಾಲ ಮಾಹಿತಿ ವರದಿಯನ್ನು ತರಿಸಿ ನೋಡುತ್ತದೆ. ತಾನು ಪಡೆಯದ ಸಾಲವೊಂದು ತನ್ನ ಹೆಸರಿನಲ್ಲಿ ಬಾಕಿಯಿದೆಯೆಂದು ಆಗ ತಿಳಿದುಬಂದರೆ ಹಂಗಾಮಿನ ವ್ಯಾಪಾರವೇ ಕೈತಪ್ಪಬಹುದು. ಆದುದರಿಂದ ಮಾಹಿತಿ ಸೋರಿಕೆಯ ಸುದ್ದಿ ಬಂದೊಡನೆ, ಹಣ ತೆತ್ತು 'ಕ್ರೆಡಿಟ್ ಮಾನಿಟರಿಂಗ್' ಸೇವೆಗೆ ಸೇರಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ವರದಿಯಲ್ಲಿ ಹೊಸ ಸಾಲ ಅಥವಾ ಹೊಸ ವಿಚಾರಣೆ ಕಂಡುಬಂದಾಗ ಈ ಸೇವೆಯು ಸೂಚನೆ ನೀಡುತ್ತದೆ, ವಂಚನೆಯನ್ನು ತಡೆಯುವುದಿಲ್ಲ.

ನಿರ್ಧಾರಕ್ಕೆ ಮುನ್ನ ಸೋರಿದ ಮಾಹಿತಿ ಯಾವುದೆಂದು ಅರಿಯಬೇಕು.

1. ಹೆಸರು, ದೂರವಾಣಿ, ಗುಪ್ತಪದ: 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್ ಸಂಸ್ಥೆಯ ಸುಮಾರು 2 ಕೋಟಿ ಗ್ರಾಹಕರ ಇಂತಹ ವಿವರಗಳು ಸೋರಿದ ವರದಿ ಬಂದಿತು. ಇಲ್ಲಿ ಗುಪ್ತಪದ ಬದಲಿಸುವುದೂ ಮೋಸದ ಕರೆಗಳಿಗೆ ಓಗೊಡದಿರುವುದೂ ಮುಖ್ಯ.

2. ಬೆರಳಚ್ಚು: 2023ರಲ್ಲಿ ರಾಜ್ಯದ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಆಸ್ತಿ ನೋಂದಾಯಿಸಿದ ಹಲವರ ಖಾತೆಗಳಿಂದ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದ ದೂರುಗಳು ದಾಖಲಾದವು. ಉಳಿತಾಯ ಖಾತೆಯ ಹಣ ಹೋದದ್ದು ಸಾಲದ ವರದಿಯಲ್ಲಿ ಕಾಣದು. ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕುವುದೇ ಇದಕ್ಕೆ ತಕ್ಕ ಉಪಾಯ. ಆ ಸೌಲಭ್ಯ ಉಚಿತ.

3. ಪ್ಯಾನ್ ಮತ್ತು ಆಧಾರ್ ಪ್ರತಿಗಳು: ಇವುಗಳಿಂದ ಪರರು ಸಾಲ ಎತ್ತುವ ಅಪಾಯವಿರುವುದರಿಂದ ನಿಗಾ ನಿಜವಾಗಿಯೂ ಅಗತ್ಯ.

ಆದರೆ ನಿಗಾಕ್ಕೆ ಹಣ ತೆರಲೇಬೇಕೆಂದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2017ರ ಜನವರಿಯಿಂದ ಜಾರಿಗೆ ಬಂದಿತು. ಮೂರು ತಿಂಗಳಿಗೊಂದರಂತೆ ಒಂದೊಂದು ಸಂಸ್ಥೆಯಿಂದ ತರಿಸಿಕೊಂಡರೆ ವರ್ಷವಿಡೀ ಕಾವಲಿದ್ದಂತಾಗುತ್ತದೆ. ವರದಿಯನ್ನು ಯಾರಾದರೂ ತರಿಸಿಕೊಂಡಾಗ ಗ್ರಾಹಕರಿಗೆ ಸಂದೇಶ ಕಳುಹಿಸಬೇಕೆಂಬ ನಿಯಮವೂ 2024ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಈ ಸಂದೇಶ ತಲುಪಬೇಕಾದರೆ ಬ್ಯಾಂಕಿನಲ್ಲಿ ಸರಿಯಾದ ಮೊಬೈಲ್ ಸಂಖ್ಯೆ ಇರಬೇಕು.

ಪ್ಯಾನ್ ಪ್ರತಿ ಸೋರಿದ್ದು ಖಚಿತವಾಗಿ, ಸದ್ಯದಲ್ಲೇ ದೊಡ್ಡ ಸಾಲಕ್ಕೆ ಅರ್ಜಿ ಹಾಕಬೇಕಾಗಿರುವವರು ಕೆಲವು ತಿಂಗಳ ಮಟ್ಟಿಗೆ ಶುಲ್ಕದ ಸೇವೆ ಪಡೆಯುವುದು ಸಮಂಜಸ. ಮಾಹಿತಿ ಸೋರಿಸಿಕೊಂಡ ಸಂಸ್ಥೆಯೇ ಉಚಿತವಾಗಿ ಒದಗಿಸಿದರೆ ಸ್ವೀಕರಿಸಬಹುದು. ಅವಧಿ ಮುಗಿದ ಮೇಲೆ ತಾನಾಗಿ ಶುಲ್ಕ ಕಡಿತವಾಗುವುದೇ ಎಂದು ಮೊದಲೇ ನೋಡಿಕೊಳ್ಳಬೇಕು.

ಅಪರಿಚಿತ ಸಾಲ ಕಂಡುಬಂದರೆ ಸಾಲ ನೀಡಿದ ಸಂಸ್ಥೆಗೂ ವರದಿ ನೀಡಿದ ಸಂಸ್ಥೆಗೂ ಲಿಖಿತ ದೂರು ಸಲ್ಲಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ನಿಯಮದಂತೆ, ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲುತ್ತದೆ. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು.

ಅಂಗಡಿಯ ಲೆಕ್ಕವನ್ನು ದಿನವೂ ತಾಳೆ ನೋಡುವ ವರ್ತಕರು ತಮ್ಮ ಹೆಸರಿನ ಸಾಲದ ಲೆಕ್ಕವನ್ನೂ ವರ್ಷಕ್ಕೆ ನಾಲ್ಕು ಬಾರಿ ನೋಡುವುದನ್ನು ರೂಢಿಸಿಕೊಂಡರೆ, ಹೆಚ್ಚಿನವರಿಗೆ ಶುಲ್ಕದ ಕಾವಲಿನ ಅಗತ್ಯವೇ ಬೀಳದು.